ನೊರಜಿನ ಹೆಪ್ಪು

ಏಲಕ್ಕಿ ಬಾಳೆಯ ಚಿಪ್ಪೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮರೆತರೆ ಸಾಕು, ಅವು ಬರುತ್ತವೆ. ಎಲ್ಲಿಂದ ಎಂದು ಕೇಳಬಾರದು. ಕಿಟಕಿಗೆ ಸೊಳ್ಳೆಪರದೆ ಹೊಡೆಸಿದೆ, ಬಾಗಿಲು ಹಾಕಿದೆ. ಆದರೂ ಸಿಪ್ಪೆಯ ಮೇಲೆ ಕಪ್ಪು ಮೂಡಿ ತೊಟ್ಟಿನ ಬಳಿ ಒಂದಿಷ್ಟು ಹುಳಿವಾಸನೆ ಎದ್ದಿತೋ, ಹಣ್ಣಿನ ಸುತ್ತ ನಾಲ್ಕಾರು ಕಂದು ಚುಕ್ಕೆಗಳು ಯಾವ ಅವಸರವೂ ಇಲ್ಲದೆ ತೇಲಾಡುತ್ತಿರುತ್ತವೆ. ಕೈಬೀಸಿದರೆ ಸರಿದು ಮತ್ತೆ ಅಲ್ಲಿಗೇ ಬಂದು ಕೂರುತ್ತವೆ. ನಮ್ಮ ಕಡೆ ಇವನ್ನು ನೊರಜು ಎನ್ನುತ್ತಾರೆ. ಮಾವಿನ ತೋಟದವರು ಹಲ್ಲು ಕಡಿಯುತ್ತ ಹಣ್ಣುನೊಣ ಎನ್ನುವುದು ಬೇರೆಯದನ್ನು. ಅದು ಕಾಯಿಗೇ ಚುಚ್ಚಿ ಒಳಗೆ ಮೊಟ್ಟೆಯಿಡುವ ದೊಡ್ಡ ಜಾತಿ, ಬೆಳೆಗೆ ಸಂಚಕಾರ. ಅಡುಗೆಮನೆಯದು ಡ್ರೊಸೊಫಿಲಾ ಕುಲದ್ದು. ಆಗಲೇ ಕೆಡತೊಡಗಿದ ಹಣ್ಣಿನ ಮೇಲೆ, ಅಲ್ಲಿ ಹುಟ್ಟಿದ ಯೀಸ್ಟನ್ನು ತಿಂದುಕೊಂಡು ಅದರ ಜೀವನ. ಮೈಯುದ್ದ ಎರಡೂವರೆ ಮೂರು ಮಿಲಿಮೀಟರ್.

ಹೆಣ್ಣಾದರೆ ಹೊಟ್ಟೆಯ ಬಹುಭಾಗವನ್ನು ಅಂಡಾಶಯವೇ ತುಂಬಿಕೊಂಡಿರುತ್ತದೆ. ಆ ಅಂಡಾಶಯದ ತುದಿಯಲ್ಲಿ ನಡೆಯುವ ವ್ಯವಹಾರವೊಂದರ ಬಗ್ಗೆ ಓದತೊಡಗಿದ ಮೇಲೆ ನನಗೆ ನೊರಜು ಓಡಿಸುವ ಉತ್ಸಾಹ ಕಡಿಮೆಯಾಗಿದೆ. ಸೋಮಾರಿತನಕ್ಕೆ ಇವರಿಗೊಂದು ಹೊಸ ನೆಪ ಸಿಕ್ಕಿತು ಎಂದು ಮನೆಯವರ ಅಭಿಪ್ರಾಯ. ಅದೂ ಪೂರ್ತಿ ಸುಳ್ಳಲ್ಲ.

ಮೈಸೂರಿಗೂ ಈ ನೊಣಕ್ಕೂ ಹಳೆಯ ನಂಟು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾಗಳನ್ನು ದಶಕಗಳಿಂದ ಸಾಕುತ್ತ ಬಂದಿದ್ದಾರೆ. ಕೇಳಿದವರಿಗೆ ತಳಿ ಒದಗಿಸುವ ಸಂಗ್ರಹ ಕೇಂದ್ರವೂ ಅಲ್ಲಿದೆ. ಅಲ್ಲಿನವರು ನೊಣಗಳಿಗೆ ಮಾಡಿಹಾಕುವ ಅಡುಗೆಯ ವಿವರ ಓದಿ ನನಗೆ ಬಾಯಲ್ಲಿ ನೀರೂರಿದ್ದುಂಟು: ಗೋಧಿ ರವೆ, ಬೆಲ್ಲ, ಗಟ್ಟಿಯಾಗಲು ಅಗರ್, ಬೂಷ್ಟು ಹಿಡಿಯದಿರಲು ಪ್ರೊಪಿಯಾನಿಕ್ ಆಮ್ಲ, ಮೇಲೆ ಯೀಸ್ಟ್. ಆಮ್ಲವನ್ನು ತೆಗೆದು ತುಪ್ಪ, ಏಲಕ್ಕಿ ಹಾಕಿದರೆ ನೊಣದ ಪಾಲು ನೊಣಕ್ಕೆ ದಕ್ಕುತ್ತಿರಲಿಲ್ಲ. ಅಮೆರಿಕದ ಪ್ರಯೋಗಾಲಯಗಳಲ್ಲಿ ಇದೇ ಅಡುಗೆಯನ್ನು ಮೆಕ್ಕೆಜೋಳದ ಹಿಟ್ಟು, ಕಾಕಂಬಿಯಲ್ಲಿ ಮಾಡುತ್ತಾರೆ. ಊರಿಗೊಂದು ಅಡುಗೆ, ನೊಣ ಎರಡನ್ನೂ ಉಂಡು ಎರಡೂ ಕಡೆ ಮೊಟ್ಟೆಯಿಡುತ್ತದೆ.

ಹೆಣ್ಣು ನೊಣವನ್ನು ಇಂಗಾಲದ ಡೈಆಕ್ಸೈಡಿನಿಂದ ಎಚ್ಚರ ತಪ್ಪಿಸಿ, ಉಪ್ಪುನೀರಿನ ಹನಿಯೊಂದರಲ್ಲಿಟ್ಟು, ಎರಡು ಸೂಕ್ಷ್ಮ ಚಿಮುಟಗಳಲ್ಲಿ ಹೊಟ್ಟೆಯ ತುದಿಯನ್ನು ಹಗುರವಾಗಿ ಎಳೆದರೆ ಜೋಡಿ ಅಂಡಾಶಯ ಹೊರಗೆ ಜಾರುತ್ತದೆ. ಮಸೂರದಡಿಯಲ್ಲಿ ಬಿಡಿಸುತ್ತ ಹೋದರೆ ಪ್ರತಿ ಅಂಡಾಶಯವೂ ಹದಿನಾರರಿಂದ ಇಪ್ಪತ್ತು ಎಳೆಗಳ ಕಟ್ಟು. ಒಂದೊಂದು ಎಳೆಯೂ ತುದಿಯಲ್ಲಿ ಸಪೂರ, ಬುಡದಲ್ಲಿ ದಪ್ಪ; ಬುಡದಲ್ಲಿರುವುದು ಅರ್ಧ ಮಿಲಿಮೀಟರ್ ಉದ್ದದ, ಇಡಲು ಸಿದ್ಧವಾದ ಮೊಟ್ಟೆ. ಅದರ ಹಿಂದೆ ಅದಕ್ಕಿಂತ ಕಿರಿದು, ಅದರ ಹಿಂದೆ ಇನ್ನೂ ಕಿರಿದು. ಒಂದು ಮೊಟ್ಟೆಯ ಪೂರ್ತಿ ಬಾಲ್ಯವನ್ನು ಒಂದೇ ನೋಟದಲ್ಲಿ ತುದಿಯಿಂದ ಬುಡದವರೆಗೆ ಓದಿಬಿಡಬಹುದು. ತುದಿಯಿಂದ ಬುಡಕ್ಕೆ ಬರಲು ಸುಮಾರು ಹತ್ತು ದಿನ. ಮನುಷ್ಯರ ಅಂಡಾಶಯದಲ್ಲಿ ಈ ಸುಖವಿಲ್ಲ. ಹೆಣ್ಣುಮಗು ತನ್ನ ಅಂಡಗಳ ಇಡೀ ಗಂಟನ್ನು, ಹತ್ತಿಪ್ಪತ್ತು ಲಕ್ಷದಷ್ಟನ್ನು, ಹುಟ್ಟುವಾಗಲೇ ಹೊತ್ತು ಬರುತ್ತದೆ. ಆಮೇಲೆ ಬರೀ ಖರ್ಚು. ನೊಣದ್ದು ಹಾಗಲ್ಲ. ಅದು ದಿನದಿನವೂ ಹೊಸದಾಗಿ ಮಾಡಿಕೊಳ್ಳುತ್ತದೆ. ಹಾಗೆ ಮಾಡಿಕೊಳ್ಳುವ ಜಾಗ ಎಳೆಯ ಸಪೂರ ತುದಿ. ಬಲ್ಲವರು ಅದನ್ನು ಜರ್ಮೇರಿಯಂ ಎನ್ನುತ್ತಾರೆ. ಉದ್ದ ಒಂದು ಮಿಲಿಮೀಟರಿನ ಹತ್ತನೆಯ ಒಂದರಷ್ಟು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಈ ತುದಿಯಲ್ಲೇ. ಮೊದಲಿಗೆ ಎಂಟು ಹತ್ತು ಚಪ್ಪಟೆ ಕೋಶಗಳು ಒಂದರ ಮೇಲೊಂದು ಕೂತ ಒಂದು ಸಣ್ಣ ಎಳೆ. ಅದರ ಬುಡದಲ್ಲಿ ಐದರಿಂದ ಏಳು ಟೋಪಿಕೋಶಗಳು. ಇವೆರಡೂ ಮೊಟ್ಟೆಯಾಗುವ ಸಂತಾನವಲ್ಲ, ಮೈಯ ಭಾಗ, ಇರಲೆಂದೇ ಇರುವಂಥವು. ಟೋಪಿಕೋಶಗಳಿಗೆ ಒತ್ತಿಕೊಂಡು ಎರಡೋ ಮೂರೋ ದುಂಡನೆಯ ದೊಡ್ಡ ಕೋಶಗಳು. ಆಕರಕೋಶಗಳು ಎಂದರೆ ಇವು. ಪತ್ರಿಕೆಗಳ ಸ್ಟೆಮ್ ಸೆಲ್. ಸುಮಾರು ದಿನಕ್ಕೊಮ್ಮೆ ಒಂದು ಎರಡಾಗುತ್ತದೆ. ಎರಡರಲ್ಲಿ ಒಂದು ಟೋಪಿಕೋಶಕ್ಕೆ ಅಂಟಿಕೊಂಡೇ ಉಳಿದು ಆಕರಕೋಶವಾಗಿಯೇ ಮುಂದುವರಿಯುತ್ತದೆ. ಇನ್ನೊಂದು ಒಂದು ಕೋಶದಷ್ಟು ದೂರ ಸರಿಯುತ್ತದೆ. ಅಷ್ಟೇ ಸಾಕು, ಅದರ ಹಣೆಬರಹ ಬದಲಾಯಿತು. ಅದು ನಾಲ್ಕು ಸಲ ಒಡೆದು ಹದಿನಾರಾಗುತ್ತದೆ, ಆದರೆ ಒಡೆದವು ಪೂರ್ತಿ ಬೇರೆಯಾಗುವುದಿಲ್ಲ. ನಡುವೆ ಸಣ್ಣ ಸೇತುವೆಗಳು ಉಳಿಯುತ್ತವೆ. ಹದಿನಾರರಲ್ಲಿ ಒಂದು ಮಾತ್ರ ಮೊಟ್ಟೆ. ಉಳಿದ ಹದಿನೈದು ದಾದಿಯರು; ತಮ್ಮಲ್ಲಿದ್ದುದನ್ನೆಲ್ಲ ಸೇತುವೆಯ ಮೂಲಕ ಆ ಒಂದಕ್ಕೆ ಉಣಿಸಿ ತಾವು ಇಲ್ಲವಾಗುತ್ತವೆ.

ಸ್ಟೆಮ್ ಸೆಲ್ ಎಂದರೆ ಸಂಜೀವಿನಿಯೇ ಸರಿ ಎಂಬಂತೆ ಬರೆಯುವುದು ಜಾಹೀರಾತಿನವರ ಪದ್ಧತಿ. ತನ್ನೊಳಗೇ ಏನೋ ಅಕ್ಷಯವಾದ ಯೌವನವಿರುವ ಕೋಶ, ಹಿಡಿದು ತಂದು ಎಲ್ಲಿ ಬಿಟ್ಟರೂ ಚಿಗುರುತ್ತದೆ ಎಂಬ ಧಾಟಿ. ನೊರಜಿನ ಅಂಡಾಶಯ ಈ ಮಾತನ್ನು ಒಪ್ಪುವುದಿಲ್ಲ. ಅಮ್ಮ ರಾತ್ರಿ ಊಟವಾದ ಮೇಲೆ ಗಡಿಗೆಯ ಮೊಸರಿನಿಂದ ಒಂದು ಸೌಟನ್ನು ಹೆಪ್ಪಿಗೆಂದು ಬಟ್ಟಲಲ್ಲಿ ಎತ್ತಿಡುತ್ತಾಳಲ್ಲ, ಆ ಸೌಟು ಮೊಸರಿಗೂ ಆಗಷ್ಟೇ ನಾವು ಅನ್ನಕ್ಕೆ ಕಲಸಿ ಉಂಡ ಮೊಸರಿಗೂ ಏನು ವ್ಯತ್ಯಾಸ? ಗಡಿಗೆ ಒಂದೇ, ಹಾಲು ಒಂದೇ, ಹುಳಿಯೂ ಒಂದೇ. ಬಟ್ಟಲಿಗೆ ಹೋದದ್ದು ಹೆಪ್ಪು, ಎಲೆಗೆ ಬಿದ್ದದ್ದು ಊಟ. ನಾಳೆಯ, ನಾಡಿದ್ದಿನ, ಮುಂದಿನ ವರ್ಷದ ಮೊಸರನ್ನೆಲ್ಲ ಹೊತ್ತುಕೊಂಡಿರುವ ಹಿರಿಮೆ ಆ ಸೌಟಿಗೆ ಬಂದದ್ದು ಯಾರೋ ಅದನ್ನು ಎತ್ತಿ ಒಂದು ಜಾಗದಲ್ಲಿ ಇಟ್ಟದ್ದರಿಂದ. ಎತ್ತಿಡುವವರು ಮರೆತ ದಿನ ಪಕ್ಕದ ಮನೆಗೆ ಹೋಗಬೇಕು. ನೊಣದ ಆಕರಕೋಶವೂ ಹೀಗೆಯೇ. ಅದರ ಎಳೆಯತನ ಅದರ ಸ್ವಂತ ಆಸ್ತಿಯಲ್ಲ, ನೆರೆಹೊರೆಯವರು ಎತ್ತಿಟ್ಟದ್ದು.

ಹೀಗಿರಬಹುದೆಂದು ಮೊದಲು ಊಹಿಸಿದ್ದು ನೊಣದವರಲ್ಲ, ರಕ್ತದವರು. 1978ರಲ್ಲಿ ಮ್ಯಾಂಚೆಸ್ಟರಿನ ರೇ ಸ್ಕೋಫೀಲ್ಡ್, ಇಲಿಯ ಮೂಳೆಮಜ್ಜೆಯಲ್ಲಿರುವ ರಕ್ತದ ಆಕರಕೋಶಗಳು ಹಾಗೆ ಉಳಿದಿರುವುದು ಅಲ್ಲಿನ ಬೇರೆ ಕೋಶಗಳ ನೆರೆಯಿಂದ ಇರಬೇಕು, ಆ ನೆಲೆ ತಪ್ಪಿದರೆ ಅವು ಮಾಗಿಬಿಡುತ್ತವೆ ಎಂದು ಬರೆದರು. ಒಳ್ಳೆಯ ಊಹೆ. ಆದರೆ ಮಜ್ಜೆಯ ಆ ಕಿಕ್ಕಿರಿದ ಸಂತೆಯಲ್ಲಿ ಯಾವುದು ಆಕರಕೋಶ, ಯಾವುದು ಅದರ ನೆರೆ ಎಂದು ಬೊಟ್ಟು ಮಾಡಿ ತೋರಿಸುವುದು ಹೇಗೆ? ನೊಣದ ಅಂಡಾಶಯದಲ್ಲಿ ಆ ತೊಡಕಿಲ್ಲ. ಅಲ್ಲಿ ಯಾವುದು ಯಾರ ಪಕ್ಕ ಕೂತಿದೆ ಎಂದು ಎಣಿಸಿ ಹೇಳಬಹುದು. ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಯ ಭ್ರೂಣವಿಜ್ಞಾನ ವಿಭಾಗದಲ್ಲಿ ಅಲನ್ ಸ್ಪ್ರ್ಯಾಡ್ಲಿಂಗ್ ಎಂಬವರು ಈ ಅಂಡಾಶಯವನ್ನೇ ಹಿಡಿದು ಕೂತಿದ್ದರು. ಅವರ ಬಳಿ ಬಂದ ಟಿಂಗ್ ಝೀ ಎಂಬ ತರುಣ ಸಂಶೋಧಕರೊಡನೆ ಸೇರಿ 1998ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು, 2000ದಲ್ಲಿ ಇನ್ನೊಂದು. ನೆಲೆ ಎಂಬುದು ಊಹೆಯಿಂದ ಇಳಿದು ಬೆರಳಿಟ್ಟು ತೋರಿಸಬಹುದಾದ ವಸ್ತುವಾದದ್ದು ಅಲ್ಲಿ.

ಮೊದಲನೆಯದರಲ್ಲಿ ಅವರು ಕೈಹಾಕಿದ್ದು ಡೆಕಾಪೆಂಟಾಪ್ಲೀಜಿಕ್ ಎಂಬ ಜೀನಿಗೆ. ಕೆಟ್ಟರೆ ಮರಿಹುಳುವಿನ ಹದಿನೈದು ಅಂಗಮೊಳಕೆಗಳೂ ಕೆಡುತ್ತವೆ ಎಂದು ಆ ಹೆಸರು. ಹೇಳುವವರ ನಾಲಗೆಯ ಮೇಲೆ ಕರುಣೆಯಿಟ್ಟು ಎಲ್ಲರೂ ಡಿಪಿಪಿ ಎನ್ನುತ್ತಾರೆ. ಆ ಜೀನಿನಿಂದ ಆಗುವುದೊಂದು ಪ್ರೋಟೀನು, ಅದನ್ನು ಒಂದು ಕೋಶ ಹೊರಗೆ ಬಿಡುತ್ತದೆ, ಪಕ್ಕದ್ದು ತನ್ನ ಮೈಮೇಲಿನ ಗ್ರಾಹಕದಿಂದ ಹಿಡಿದುಕೊಳ್ಳುತ್ತದೆ. ಇದನ್ನು ಕಡಿಮೆ ಮಾಡಿದಾಗ ಆಕರಕೋಶಗಳು ಬೇಗಬೇಗ ಕಳೆದುಹೋದವು, ಉಳಿದವು ನಿಧಾನವಾಗಿ ಒಡೆದವು. ಹೆಚ್ಚು ಮಾಡಿದಾಗ ಇನ್ನೂ ಸ್ವಾರಸ್ಯದ ಸಂಗತಿ: ಜರ್ಮೇರಿಯಂ ತುಂಬ ಆಕರಕೋಶಗಳನ್ನೇ ಹೋಲುವ ಕೋಶಗಳು, ಗೆಡ್ಡೆಗಟ್ಟುವಷ್ಟು. ಎಲ್ಲವೂ ಎಳೆಯವಾಗಿಯೇ ಉಳಿದವು, ಒಂದೂ ಮೊಟ್ಟೆಯಾಗಲಿಲ್ಲ.

ಡಿಪಿಪಿ ಹೇಳುವುದಾದರೂ ಏನು? ‘ಎಳೆಯದಾಗಿರು’ ಎಂಬ ಹರಕೆ ಇರಬೇಕೆಂದು ನಾನು ಅಂದುಕೊಂಡಿದ್ದೆ. ಅಷ್ಟು ದೊಡ್ಡ ಮಾತೇನಲ್ಲ. ಮಾಗುವುದಕ್ಕೆ ಬೇಕಾದ ಜೀನೊಂದಿದೆ. 1990ರಲ್ಲಿ ಡೆನಿಸ್ ಮೆಕೀರಿನ್ ಮತ್ತು ಸ್ಪ್ರ್ಯಾಡ್ಲಿಂಗ್ ಅದನ್ನು ವಿವರಿಸಿ, ಅದು ಕೆಟ್ಟ ನೊಣದ ಅಂಡಾಶಯದಲ್ಲಿ ಎಳೆಯ ಕೋಶಗಳು ದುಂಡದುಂಡಗೆ ತುಂಬಿಕೊಂಡಿದ್ದನ್ನು ಕಂಡು ಗೋಲಿಚೀಲ ಎಂದು ಹೆಸರಿಟ್ಟರು. ಇಂಗ್ಲಿಷಿನ ಚುಟುಕು ರೂಪದಲ್ಲಿ ಬ್ಯಾಮ್. ಡಿಪಿಪಿಯ ಸಂದೇಶ ಕೋಶದೊಳಗೆ ಇಳಿದು ನೇರವಾಗಿ ಬ್ಯಾಮ್ ಜೀನಿನ ಬಾಯಿ ಮುಚ್ಚಿಸುತ್ತದೆ. ಸಂದೇಶ ನಿಂತರೆ ಬ್ಯಾಮ್ ತಾನಾಗಿ ಬಾಯಿಬಿಡುತ್ತದೆ, ಕೋಶ ಮಾಗುವ ದಾರಿ ಹಿಡಿಯುತ್ತದೆ. ಅಂದರೆ ದೊಡ್ಡದಾಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ಚಿಕ್ಕದಾಗಿ ಉಳಿಯುವುದಕ್ಕೇ ಗಳಿಗೆಗಳಿಗೆಗೂ ‘ಈಗಲೇ ಬೇಡ’ ಎನ್ನುವವರು ಬೇಕು. ಆಕರಕೋಶವನ್ನು ಸುಮ್ಮನೆ ಬಿಟ್ಟರೆ ಅದು ಆಕರಕೋಶವಾಗಿ ಇರುವುದಿಲ್ಲ. ಈ ವಿಚಾರ ತಲೆಗೆ ಹೊಕ್ಕ ದಿನ ಬಾಳೆಹಣ್ಣು ತಿನ್ನುತ್ತಿದ್ದೆನೋ ಏನೋ, ಅದರ ರುಚಿ ಮಾತ್ರ ನೆನಪಿಲ್ಲ.

ಸಂದೇಶ ಸಿಗಬೇಕಾದರೆ ಹತ್ತಿರ ಇರಬೇಕು. ಹತ್ತಿರ ಇರಲು ಅಂಟಿಕೊಂಡಿರಬೇಕು. ಟೋಪಿಕೋಶಕ್ಕೂ ಆಕರಕೋಶಕ್ಕೂ ನಡುವೆ ಇ-ಕ್ಯಾಡ್ಹೆರಿನ್ ಎಂಬ ಅಂಟು ಇರುವುದನ್ನೂ, ಅದನ್ನು ತೆಗೆದರೆ ಆಕರಕೋಶ ಜಾಗ ಬಿಟ್ಟು ಜಾರುವುದನ್ನೂ ಟಿಂಗ್ ಝೀ ಅವರ ತಂಡ 2002ರಲ್ಲಿ ತೋರಿಸಿತು. 2000ದ ಪ್ರಬಂಧದಲ್ಲಿ ಇನ್ನೊಂದು ವಿಷಯವಿತ್ತು. ಆಕರಕೋಶ ಚಿರಂಜೀವಿಯೇನಲ್ಲ, ನಾಲ್ಕೈದು ವಾರಗಳಲ್ಲಿ ಸುಮಾರು ಅರ್ಧದಷ್ಟು ಜಾಗ ಖಾಲಿ ಮಾಡುತ್ತವೆ. ಒಂದು ಹೋದಾಗ ಪಕ್ಕದ ಆಕರಕೋಶ ಎಂದಿನ ದಿಕ್ಕು ಬಿಟ್ಟು ಅಡ್ಡಡ್ಡ ಒಡೆಯುತ್ತದೆ. ಮರಿ ಹಿಂದಕ್ಕೆ ಸರಿಯುವ ಬದಲು ಪಕ್ಕಕ್ಕೆ ಸರಿದು ಖಾಲಿ ಜಾಗದಲ್ಲಿ ಟೋಪಿಕೋಶಕ್ಕೆ ಅಂಟಿಕೊಳ್ಳುತ್ತದೆ. ಎಂದಿನ ದಿಕ್ಕಿಗೆ ಒಡೆದಿದ್ದರೆ ಮೊಟ್ಟೆಯ ದಾರಿ ಹಿಡಿಯುತ್ತಿದ್ದ ಮರಿ ಅದು. ಈಗ ವಂಶದ ಹಿರಿಯ.

ಇಲ್ಲಿಯವರೆಗಿನದು ನೆಲೆ ಹೇಗೆ ಕಾಪಾಡುತ್ತದೆ ಎಂಬ ಕಥೆ. ನನಗೆ ಹೆಚ್ಚು ಇಷ್ಟವಾದದ್ದು ಇದರ ಮಗ್ಗುಲಲ್ಲಿರುವ ಇನ್ನೊಂದು. ಡಿಪಿಪಿ ಹೊರಗೆ ಬಿಟ್ಟರೆ ಹರಡಬಲ್ಲ ವಸ್ತು. ಇದೇ ನೊಣದ ರೆಕ್ಕೆ ಬೆಳೆಯುವಾಗ ಅದು ಹಲವು ಕೋಶಗಳನ್ನು ದಾಟಿ ಹೋಗುತ್ತದೆ. ಅಂಡಾಶಯದಲ್ಲಿ ಮಾತ್ರ ಒಂದು ಕೋಶದ ಆಚೆ ಅದರ ಮಾತು ನಡೆಯುವುದಿಲ್ಲ. ಅಂಟಿಕೊಂಡಿರುವುದಕ್ಕೆ ಕೇಳಿಸುತ್ತದೆ, ಅದರ ಬೆನ್ನಿಗೇ ಇರುವ ಮರಿಗೆ ಕೇಳಿಸುವುದಿಲ್ಲ. ನಡುವಿನ ಅಂತರ ಮಿಲಿಮೀಟರಿನ ನೂರನೆಯ ಒಂದರಷ್ಟು. ಇಷ್ಟು ಕಿರಿದಾದ ಗಡಿ ತಾನಾಗಿ ಉಂಟಾಗುವುದಿಲ್ಲ, ಕಾಯುವವರು ಬೇಕು.

ಕಾಯುವವರು ಒಬ್ಬಿಬ್ಬರಲ್ಲ. ಟೋಪಿಕೋಶಗಳು ತಮ್ಮ ಮೈಮೇಲೆ ಡ್ಯಾಲಿ ಎಂಬ, ಸಕ್ಕರೆಯ ಸರಪಳಿ ಹೊತ್ತ ಪ್ರೋಟೀನನ್ನು ಇಟ್ಟುಕೊಂಡು ಡಿಪಿಪಿಯನ್ನು ತಮ್ಮ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತವೆ. ಕೋಶಗಳ ನಡುವಿನ ಹಾಸಿನಲ್ಲಿರುವ ಒಂದು ಬಗೆಯ ಕೊಲಾಜೆನ್ ಕೂಡ ಡಿಪಿಪಿಗೆ ಅಂಟಿಕೊಂಡು ಅದರ ಓಡಾಟಕ್ಕೆ ಕಡಿವಾಣ ಹಾಕುತ್ತದೆ ಎಂದು 2008ರಲ್ಲಿ ತಿಳಿಯಿತು. ಅದನ್ನು ತೋರಿಸಿದ ಹಿಲರಿ ಆಶ್ ಅವರ ತಂಡ ಇರುವುದು ಸ್ಕೋಫೀಲ್ಡರ ಊರಾದ ಮ್ಯಾಂಚೆಸ್ಟರಿನಲ್ಲೇ. ಆಕರಕೋಶ ತಾನೂ ಕೈಕಟ್ಟಿ ಕೂತಿರುವುದಿಲ್ಲ, ಕೂದಲಿಗಿಂತ ಎಷ್ಟೋ ಸಪೂರವಾದ ಚಾಚುಗಳನ್ನು ನೆಲೆಯೊಳಕ್ಕೆ ನೀಡಿ ಡಿಪಿಪಿಯನ್ನು ಹುಡುಕಿ ಹಿಡಿಯುತ್ತದೆ ಎಂಬುದನ್ನೂ ಅವರೇ 2019ರಲ್ಲಿ ಕಂಡರು. ದೂರ ಸರಿದ ಮರಿಯಾದರೋ ತನ್ನೊಳಗಿನ ಗ್ರಾಹಕವನ್ನೇ ಮುರಿದು ಹಾಕಿಕೊಳ್ಳುತ್ತದೆ. ಇನ್ನು ಕೇಳುವುದಿಲ್ಲ ಎಂದು ತೀರ್ಮಾನಿಸಿದವರ ರೀತಿ.

ಬೆಂಗಾವಲು ಕೋಶಗಳ ವಿಷಯ ಇನ್ನೂ ಚೆನ್ನ. ಇವು ಜರ್ಮೇರಿಯಮ್ಮಿನ ಗೋಡೆಗೆ ಒರಗಿಕೊಂಡು, ತೆಳ್ಳನೆಯ ಉದ್ದ ತೋಳುಗಳನ್ನು ಒಳಗೆ ಚಾಚಿ, ಮಾಗತೊಡಗಿದ ಮರಿಗಳನ್ನು ತಬ್ಬಿಕೊಂಡಿರುತ್ತವೆ. ಮರಿಗಳ ಜೊತೆಗೆ ಇವೂ ಬುಡದತ್ತ ನಡೆದುಹೋಗುತ್ತವೆಂದು ಸ್ಪ್ರ್ಯಾಡ್ಲಿಂಗರ ಪ್ರಯೋಗಾಲಯ 2005ರಲ್ಲಿ ಹೇಳಿತ್ತು. 2011ರಲ್ಲಿ ಅದೇ ಪ್ರಯೋಗಾಲಯ ಜೀವಂತ ಅಂಡಾಶಯವನ್ನು ಗಂಟೆಗಟ್ಟಲೆ ಚಿತ್ರೀಕರಿಸಿ ನೋಡಿದರೆ, ಬೆಂಗಾವಲಿನವು ಕೂತಲ್ಲಿಂದ ಕದಲುವುದೇ ಇಲ್ಲ! ಮರಿಯನ್ನು ಒಂದು ಬಿಡುತ್ತದೆ, ಮುಂದಿನದು ತಬ್ಬಿಕೊಳ್ಳುತ್ತದೆ, ಹೀಗೆ ತೋಳಿನಿಂದ ತೋಳಿಗೆ ಸಾಗಿಸುತ್ತವೆ. ತಮ್ಮ ಮಾತನ್ನು ತಾವೇ ತಿದ್ದಿಕೊಂಡು ಪ್ರಕಟಿಸಿದ್ದಾರೆ. ಅಂಡಾಶಯದ ವಿಷಯ ಹಾಗಿರಲಿ, ಇದಕ್ಕಾಗಿಯೇ ಆ ಪ್ರಯೋಗಾಲಯದ ಬಗ್ಗೆ ನನಗೆ ಗೌರವ.

ಈ ಬೆಂಗಾವಲು ಕೋಶಗಳು ಡಿಪಿಪಿಯನ್ನು ಹಿಡಿದಿಡುವ ಆ ಡ್ಯಾಲಿಯನ್ನು ತಾವು ಮಾಡಿಕೊಳ್ಳುವಂತಿಲ್ಲ. ಮಾಡಿಕೊಂಡರೆ ಡಿಪಿಪಿ ಅವುಗಳ ಮೈಮೇಲೂ ನೆಲೆನಿಂತು, ಮರಿಗಳೆಲ್ಲ ಮಾಗದೆ ಕೂತುಬಿಡುತ್ತವೆ. ಹಾಗೆ ಮಾಡಿಕೊಳ್ಳದಂತೆ ತಡೆಯುವವರು ಯಾರು? ಮರಿಗಳೇ. ಮಾಗುತ್ತಿರುವ ವಂಶದಿಂದ ಬೆಂಗಾವಲಿಗೆ ಒಂದು ಸಂದೇಶ ಹೋಗುತ್ತದೆ, ಅದು ಅಲ್ಲಿ ಡ್ಯಾಲಿಯನ್ನು ಅಡಗಿಸುತ್ತದೆ. ಟೋಪಿಕೋಶದಿಂದ ಆಕರಕೋಶಕ್ಕೆ ‘ಈಗಲೇ ಬೇಡ’. ಮೊಮ್ಮಕ್ಕಳಿಂದ ಬೆಂಗಾವಲಿಗೆ ‘ಆ ಮಾತು ಇಲ್ಲಿಗೆ ತಾಗದ ಹಾಗೆ ನೋಡಿಕೊಳ್ಳಿ’. ನೆಲೆ ಎಂದಾಗ ಅದೊಂದು ಕಟ್ಟಿಟ್ಟ ಕೋಣೆ, ಆಕರಕೋಶ ಅದರ ಬಾಡಿಗೆದಾರ ಎಂದು ತಿಳಿಯುವುದು ಸುಲಭ. ಇಲ್ಲಿ ನೋಡಿದರೆ ಕೋಣೆಯ ಅರ್ಧ ಗೋಡೆಯನ್ನು ಕಟ್ಟಿದ್ದು ಕೋಣೆ ಬಿಟ್ಟು ಹೊರಟವರು.

ಊಟದ ಮಾತನ್ನೂ ಸೇರಿಸಿಬಿಡುತ್ತೇನೆ. ಯೀಸ್ಟ್ ಧಾರಾಳವಾಗಿ ಸಿಕ್ಕ ನೊಣಕ್ಕೂ ಪ್ರೋಟೀನಿಲ್ಲದ ಬಡ ಆಹಾರ ತಿಂದ ನೊಣಕ್ಕೂ ಮೊಟ್ಟೆಯಿಡುವ ವೇಗದಲ್ಲಿ ಸುಮಾರು 60 ಪಟ್ಟು ವ್ಯತ್ಯಾಸ ಎಂದು ಡ್ಯಾನಿಯೆಲಾ ಡ್ರಮಂಡ್-ಬಾರ್ಬೋಸಾ ಮತ್ತು ಸ್ಪ್ರ್ಯಾಡ್ಲಿಂಗ್ 2001ರಲ್ಲಿ ಲೆಕ್ಕ ಹಾಕಿದರು. ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬ ಸುದ್ದಿ ಮಿದುಳಿಂದ ಹೊರಡುವ ಇನ್ಸುಲಿನ್ ಬಗೆಯ ಸಂದೇಶವಾಗಿ ಅಂಡಾಶಯಕ್ಕೆ ಬರುತ್ತದೆ. ಆಕರಕೋಶ ಎಷ್ಟು ಚುರುಕಾಗಿ ಒಡೆಯಬೇಕು, ಟೋಪಿಕೋಶಗಳು ಎಷ್ಟು ಉಳಿಯಬೇಕು ಎಂಬುದರಲ್ಲಿ ಅದರ ಕೈಯಿದೆ. ವಯಸ್ಸಾದ ನೊಣದಲ್ಲಿ ಈ ಸುದ್ದಿಯೂ ಕ್ಷೀಣ, ಡಿಪಿಪಿಯ ಮಾತೂ ಕ್ಷೀಣ, ಅಂಟೂ ಸಡಿಲ.

ಇದೆಲ್ಲ ನೊಣದ ಮನೆಯ ಮಾತು, ನಮಗೇನು ಎನ್ನುವವರಿಗೆ ಒಂದು ಸಂಗತಿ. ನಮ್ಮ ಮೈಯಲ್ಲಿ ಮೂಳೆ ಬೆಳೆಸುವ ಬಿಎಂಪಿ ಎಂಬ ಪ್ರೋಟೀನುಗಳಿವೆ. ಮಾರ್ಷಲ್ ಯೂರಿಸ್ಟ್ ಎಂಬ ಮೂಳೆವೈದ್ಯರು 1965ರಲ್ಲಿ ಸುಣ್ಣ ತೆಗೆದ ಮೂಳೆಯ ಚೂರು ಮಾಂಸಖಂಡದೊಳಗೆ ಹೊಸ ಮೂಳೆ ಹುಟ್ಟಿಸುವುದನ್ನು ಕಂಡಲ್ಲಿಂದ ಅವುಗಳ ಕಥೆ ಶುರು. ಡಿಪಿಪಿ ಅದೇ ಕುಟುಂಬದ್ದು. ಮನುಷ್ಯರ ಬಿಎಂಪಿ-4ರ ಭಾಗವನ್ನು ನೊಣದ ಡಿಪಿಪಿ ಜೀನಿಗೆ ಜೋಡಿಸಿ ಭ್ರೂಣಕ್ಕೆ ಕೊಟ್ಟರೆ ಭ್ರೂಣ ತನ್ನ ಬೆನ್ನು ಯಾವುದು ಹೊಟ್ಟೆ ಯಾವುದು ಎಂಬುದನ್ನು ಸರಿಯಾಗಿ ಗುರುತಿಸಿಕೊಳ್ಳುತ್ತದೆಂದು 1993ರಲ್ಲಿ ತಿಳಿಯಿತು. ಮೂಳೆಯೇ ಇಲ್ಲದ ಪ್ರಾಣಿ ನಮ್ಮ ಮೂಳೆಯ ಮಾತನ್ನು ಕೇಳಿ ಅರ್ಥ ಮಾಡಿಕೊಂಡಿತು.

ಜಾಗ ಪೂರ್ತಿ ಖಾಲಿಯಾದರೆ ಏನಾಗುತ್ತದೆ? ತೊಶೀ ಕಾಯ್ ಎಂಬವರು ಸ್ಪ್ರ್ಯಾಡ್ಲಿಂಗರ ಜೊತೆ ಇದನ್ನು ಬೆನ್ನಟ್ಟಿದರು. ಆಕರಕೋಶಗಳೆಲ್ಲ ಹೊರಟುಹೋದರೂ ಟೋಪಿಕೋಶಗಳು ತಮ್ಮ ಪಾಡಿಗೆ ಡಿಪಿಪಿ ಬಿಡುತ್ತಲೇ ಇದ್ದವು. ಆಗ ಮೊಟ್ಟೆಯ ವಂಶಕ್ಕೇ ಸೇರದ ಕೆಲವು ಮೈಕೋಶಗಳು ಬಂದು ಆ ಜಾಗ ಹಿಡಿದು, ಸಂದೇಶಕ್ಕೆ ಓಗೊಟ್ಟು, ಒಡೆಯತೊಡಗಿದವು. ಮೊಟ್ಟೆಯ ಆಕರಕೋಶ ಮಾತ್ರ ಅವು ಆಗಲಿಲ್ಲ. ಜಾಗವೇ ಎಲ್ಲ ಎನ್ನುವ ನನ್ನ ಉತ್ಸಾಹಕ್ಕೆ ಅಷ್ಟು ತಣ್ಣೀರು ಬೇಕಾಗಿತ್ತು. ಕುಲದ್ದೂ ಒಂದು ಪಾಲಿದೆ.

ಮುಂದಿನ ವರ್ಷ, 2004ರಲ್ಲಿ, ಅವರಿಬ್ಬರೇ ಇನ್ನೊಂದು ಪ್ರಯೋಗ ಮಾಡಿದರು. ನೊಣವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಎಲ್ಲ ಆಕರಕೋಶಗಳಲ್ಲೂ ಬ್ಯಾಮ್ ಬಲವಂತವಾಗಿ ಬಾಯಿಬಿಡುವಂತೆ ಮಾಡಿದರು. ಎಲ್ಲವೂ ಮಾಗುವ ದಾರಿ ಹಿಡಿದವು; ನಾಲ್ಕಾದವು, ಎಂಟಾದವು, ಸೇತುವೆ ಕಟ್ಟಿಕೊಂಡವು. ನೆಲೆ ಬರಿದಾಯಿತು. ಆಮೇಲೆ ನೋಡಿದರೆ ನಾಲ್ಕರ, ಎಂಟರ ಕೆಲವು ಗುಂಪುಗಳು ಸೇತುವೆ ಕಡಿದುಕೊಂಡು ಬಿಡಿಬಿಡಿಯಾಗಿ, ಹಿಂದಕ್ಕೆ ಬಂದು, ಟೋಪಿಕೋಶಗಳಿಗೆ ಅಂಟಿಕೊಂಡು, ಮತ್ತೆ ಆಕರಕೋಶಗಳಾಗಿದ್ದವು. ಸೋಗಲ್ಲ, ನಿಜವಾದವು, ಅವುಗಳಿಂದ ಮೊಟ್ಟೆಗಳೂ ಆದವು. ನನ್ನ ಹೆಪ್ಪಿನ ಹೋಲಿಕೆ ಇಲ್ಲಿಗೆ ಮುಗಿಯಿತು. ಎಲೆಗೆ ಬಡಿಸಿದ ಮೊಸರನ್ನು ಹೆಪ್ಪಿನ ಬಟ್ಟಲಿಗೆ ಹಿಂದಕ್ಕೆ ಸುರಿದರೆ ಅಮ್ಮ ನನ್ನನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಎಂಜಲು ಎಂಬುದು ನೊರಜಿಗೆ ಗೊತ್ತಿಲ್ಲ.